ಮುಗ್ಗಟ್ಟಿನ ಕಾಲದ ಉದ್ಯೋಗಪರ್ವ

‘ಉದ್ಯೋಗಂ ಪುರುಷಲಕ್ಷಣಂ’ ಎಂಬ ಮಾತು ನಮ್ಮಲ್ಲಿ ಯಾರಿಗೆ ತಿಳಿಯದು? ಆದರೆ ಈ ಮಾತಿನಲ್ಲಿರುವ ‘ಉದ್ಯೋಗ’ ಎಂಬ ಶಬ್ದ ಕಾಲಕ್ರಮದಲ್ಲಿ ಎಷ್ಟು ಕುಗ್ಗಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮೂಲದಲ್ಲಿ ಉದ್ಯೋಗವೆಂದರೆ ಯತ್ನ, ಕಾರ್ಯಕ್ಕೆ ಟೊಂಕ ಕಟ್ಟುವುದು. ಮಹಾಭಾರತದ ಉದ್ಯೋಗಪರ್ವದಲ್ಲಿ ಪಾಂಡವರು ಯಾರ ಬಳಿಗೂ ಅರ್ಜಿ ಹಿಡಿದು ಹೋಗುವುದಿಲ್ಲ. ಯುದ್ಧದ ಸಿದ್ಧತೆ ಮಾಡುತ್ತಾರೆ. ಅವರು ನಿಜವಾಗಿ ನೌಕರಿ ಹಿಡಿದದ್ದು ಅದರ ಹಿಂದಿನ ವಿರಾಟಪರ್ವದಲ್ಲಿ. ಅಲ್ಲಿ ಭೀಮ ಅಡುಗೆಯವನಾದ, ಅರ್ಜುನ ನಾಟ್ಯ ಕಲಿಸಿದ, ನಕುಲ ಕುದುರೆ ನೋಡಿಕೊಂಡ, ಸಹದೇವ ದನ ಕಾಯ್ದ, ದ್ರೌಪದಿ ರಾಣಿಯ ಮುಡಿ ಕಟ್ಟಿದಳು. ಕೆಟ್ಟ ಕಾಲದಲ್ಲಿ ಕುಲ ಪದವಿಗಳನ್ನು ಬದಿಗಿಟ್ಟು, ಕೈಗೆ ಬಂದ ವಿದ್ಯೆಯಿಂದ ಹೊಟ್ಟೆ ಹೊರೆಯಬೇಕೆಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಬೇಕಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಂದರೆ ಉದ್ಯೋಗವೆಂಬುದು ಚಾಕರಿಯಾಗಿತ್ತು. ಚಾಕರಿ ಎಂದರೆ ಸರ್ಕಾರಿ ಚಾಕರಿ. ಹೊಲದಲ್ಲಿ ಬೆವರು ಸುರಿಸುವವನನ್ನು ‘ಏನು ಉದ್ಯೋಗ?’ ಎಂದು ಕೇಳಿದರೆ ‘ಉದ್ಯೋಗವೇನೂ ಇಲ್ಲ, ಬೇಸಾಯ’ ಎಂದು ಹೇಳುವ ಕಾಲ ಅದು. ಹೀಗೆ ಶಬ್ದವೇ ಇಕ್ಕಟ್ಟಾಗಿದ್ದ ಹೊತ್ತಿನಲ್ಲಿ ಜಗತ್ತನ್ನೆಲ್ಲ ನಡುಗಿಸಿದ ಆರ್ಥಿಕ ಮುಗ್ಗಟ್ಟು ಬಂದೆರಗಿತು. ಆಗ ನಮ್ಮ ಹಿರಿಯರು ಏನು ಮಾಡಿದರು? ಯಾವ ಬಾಗಿಲು ಮುಚ್ಚಿತು, ಯಾವುದು ತೆರೆಯಿತು, ತೆರೆದ ಬಾಗಿಲಿನೊಳಗೆ ಯಾರಿಗೆ ಪ್ರವೇಶ ದೊರೆಯಿತು? ಇಂದಿಗೂ ಮನೆಮನೆಯಲ್ಲಿ ಬೆಳೆದ ಮಕ್ಕಳ ಕೆಲಸದ ಮಾತು ಬರುವುದರಿಂದ ಈ ಪ್ರಶ್ನೆಗಳನ್ನು ಕೇಳುವುದು ಅಕಾಲಿಕವಾಗಲಾರದು.

೧೯೨೯ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರು ಪೇಟೆ ಕುಸಿಯಿತು. ೧೯೩೩ರ ಹೊತ್ತಿಗೆ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ನ್ಯೂಯಾರ್ಕಿನ ಧನಿಕರ ಜೂಜಿಗೂ ಮೈಸೂರು ಸೀಮೆಯ ರಾಗಿ ಹೊಲಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿತ್ತು, ಅದು ಬೆಲೆಯ ಮೂಲಕ ಬಂತು. ಹತ್ತಿ, ಕಡಲೆಕಾಯಿ, ಕಾಫಿ ಮೊದಲಾದ ಹೊರದೇಶಕ್ಕೆ ಹೋಗುವ ಪದಾರ್ಥಗಳ ಬೆಲೆ ಮೊದಲು ಇಳಿಯಿತು. ಅವುಗಳ ಹಿಂದೆಯೇ ಧಾನ್ಯದ ಬೆಲೆಯೂ ಇಳಿಯಿತು. ೧೯೨೯ರಿಂದ ೧೯೩೩ರೊಳಗೆ ಭಾರತದ ಬೆಳೆಗಳ ಬೆಲೆ ಒಟ್ಟಿನಲ್ಲಿ ಸುಮಾರು ಅರ್ಧಕ್ಕೆ ಬಂದು ನಿಂತಿತು. ಆದರೆ ಕಂದಾಯ ಇಳಿಯಲಿಲ್ಲ, ಸಾಲದ ಬಡ್ಡಿ ಇಳಿಯಲಿಲ್ಲ. ಅವೆರಡೂ ರೂಪಾಯಿ ಲೆಕ್ಕದಲ್ಲಿ ಗೊತ್ತಾಗಿದ್ದವು. ಮೊದಲು ಹತ್ತು ಪಲ್ಲ ಮಾರಿ ತೀರಿಸುತ್ತಿದ್ದ ಬಾಕಿಗೆ ಈಗ ಇಪ್ಪತ್ತು ಪಲ್ಲ ಮಾರಬೇಕಾಯಿತು. ಮಗನ ಕಾಲೇಜಿನ ಫೀಜೂ ಅದೇ ಕಣಜದಿಂದಲೇ ಬರಬೇಕಾಗಿತ್ತು. ಪಟ್ಟಣದ ಹಾಸ್ಟೆಲಿನಲ್ಲಿ ಕುಳಿತು ಓದುತ್ತಿದ್ದ ಹುಡುಗನಿಗೆ ಮುಗ್ಗಟ್ಟಿನ ಸುದ್ದಿ ಪತ್ರಿಕೆಗಿಂತ ಮೊದಲು ತಂದೆಯ ಮನಿಯಾರ್ಡರಿನಿಂದಲೇ ತಿಳಿಯುವಂತಿತ್ತು.

ಇನ್ನು ಆ ಹುಡುಗ ಓದು ಮುಗಿಸಿ ಎಲ್ಲಿಗೆ ಹೋಗಬೇಕು? ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಪದವೀಧರರ ಸಂಖ್ಯೆ ವರ್ಷವರ್ಷವೂ ಏರುತ್ತಿತ್ತು. ಮೇಲಿನ ತುದಿಯಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ. ಅದರಲ್ಲಿ ಪಾರಾಗುವವರು ಬೆರಳೆಣಿಕೆಯ ಮಂದಿ. ಅದರ ಕೆಳಗೆ ಅಮಲ್ದಾರರ ಕಚೇರಿ, ಶಾಲೆ, ರೈಲ್ವೆ, ಅಂಚೆ. ಅದೂ ಆಗದಿದ್ದರೆ ಕರಿಯ ಕೋಟು ತೊಟ್ಟು ವಕೀಲನಾಗುವುದು. ಕಚೇರಿಗಳಲ್ಲಿ ‘ಉಮೇದುವಾರ’ ಎಂಬ ಒಂದು ವರ್ಗವೇ ಇತ್ತು. ಸಂಬಳವಿಲ್ಲದೆ ಬರೆದು, ನಕಲು ತೆಗೆದು, ಮೇಲಿನವರ ಕಣ್ಣಿಗೆ ಬಿದ್ದು, ಎಂದಾದರೊಂದು ದಿನ ಜಾಗ ಖಾಲಿಯಾದೀತೆಂದು ಕಾಯುವ ಜನ ಅವರು. ಪಾರಸಿಯ ‘ಉಮೇದ್’ ಎಂಬ ಶಬ್ದಕ್ಕೆ ಆಸೆ ಎಂದು ಅರ್ಥ. ಇಷ್ಟು ಸರಿಯಾಗಿ ಒಪ್ಪುವ ಹುದ್ದೆಯ ಹೆಸರು ಬೇರೊಂದಿರಲಾರದು.

ಮುಗ್ಗಟ್ಟು ಈ ಆಸೆಗೇ ಪೆಟ್ಟು ಹಾಕಿತು. ಸರ್ಕಾರಗಳ ಆದಾಯ ಕುಗ್ಗಿತು. ವೆಚ್ಚ ಕಡಿತದ ಸಮಿತಿಗಳು ಕುಳಿತವು. ೧೯೩೧ರ ಕೊನೆಯಲ್ಲಿ ಭಾರತ ಸರ್ಕಾರ ತನ್ನ ನೌಕರರ ಸಂಬಳದಲ್ಲಿ ನೂರಕ್ಕೆ ಹತ್ತು ಕಡಿಯಿತು. ೧೯೩೩ರಲ್ಲಿ ಅದರ ಅರ್ಧವನ್ನು ಹಿಂತಿರುಗಿಸಿ, ಪೂರ್ತಿ ಸಂಬಳ ಕೊಡಲು ೧೯೩೫ ಬರಬೇಕಾಯಿತು. ರೈಲ್ವೆಗಳು ಸಾವಿರಾರು ಮಂದಿಯನ್ನು ಮನೆಗೆ ಕಳಿಸಿದವು. ಇದ್ದವರಿಗೇ ಕತ್ತರಿ ಬಿದ್ದಾಗ ಹೊಸಬರನ್ನು ಕೇಳುವವರಾರು?

ಇಲ್ಲಿ ಒಂದು ಮಾತನ್ನು ಮರೆಯುವಂತಿಲ್ಲ. ಮೈಸೂರಿನಲ್ಲಿ ಸರ್ಕಾರಿ ಕಚೇರಿ ಅದುವರೆಗೆ ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ೧೯೧೮ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಮೆಯಾಗದಂತೆ ಹಿಂದುಳಿದ ವರ್ಗದವರನ್ನು ಸೇರಿಸಬೇಕೆಂದು ಸಲಹೆ ಮಾಡಿತು. ತಲೆತಲಾಂತರದಿಂದ ಬರವಣಿಗೆಯನ್ನೇ ನಂಬಿದ್ದ ಮನೆಗಳಿಗೆ ಇದು ಆತಂಕವಾಯಿತು; ಅದುವರೆಗೆ ಹೊರಗೇ ನಿಂತಿದ್ದ ಮನೆಗಳಿಗೆ ಭರವಸೆಯಾಯಿತು. ಒಕ್ಕಲಿಗರ, ಲಿಂಗಾಯತರ, ಮುಸಲ್ಮಾನರ ಮನೆಗಳ ಮೊದಲ ಪದವೀಧರರು ಪ್ರಮಾಣಪತ್ರ ಹಿಡಿದು ಬರುವ ಹೊತ್ತಿಗೆ ಹುದ್ದೆಗಳೇ ವಿರಳವಾಗಿದ್ದವು. ಬಡಿಸುವ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳುವ ಹಕ್ಕು ಬಂದಾಗ ಅನ್ನದ ಪಾತ್ರೆ ತಳ ಕಂಡಂತಾಯಿತು. ಆ ದಿನಗಳಲ್ಲಿ ಜಾತಿ ಜಾತಿಗಳ ನಡುವೆ ಎದ್ದ ಕಹಿ ಮಾತುಗಳಿಗೆ ಪಾತ್ರೆಯ ತಳ ಎಷ್ಟರಮಟ್ಟಿಗೆ ಕಾರಣವೆಂದು ಯೋಚಿಸಬೇಕು.

ನಿರುದ್ಯೋಗಿ ಪದವೀಧರನ ವಿಷಯದಲ್ಲಿ ಬುದ್ಧಿ ಹೇಳುವವರಿಗೆ ಕೊರತೆ ಇರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೨ರಲ್ಲಿ ಭಾರತದ ನಿರುದ್ಯೋಗದ ಕಾರಣ ಮತ್ತು ಪರಿಹಾರಗಳನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನೇ ಪ್ರಕಟಿಸಿದರು. ೧೯೩೪ರಲ್ಲಿ ಯೋಜಿತ ಆರ್ಥಿಕ ವ್ಯವಸ್ಥೆಯನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಹೊರಬಂತು. ಅದೇ ೧೯೩೪ರಲ್ಲಿ ಸಂಯುಕ್ತ ಪ್ರಾಂತದ ಸರ್ಕಾರ ಸರ್ ತೇಜ್ ಬಹಾದೂರ್ ಸಪ್ರು ಅವರ ಅಧ್ಯಕ್ಷತೆಯಲ್ಲಿ ವಿದ್ಯಾವಂತರ ನಿರುದ್ಯೋಗವನ್ನು ವಿಚಾರಿಸಲು ಸಮಿತಿ ನೇಮಿಸಿತು. ಪ್ರೌಢಶಾಲೆಯಲ್ಲೇ ಕಸುಬಿನ ಶಿಕ್ಷಣಕ್ಕೆ ಕವಲು ತೆಗೆಯಬೇಕು, ಎಲ್ಲರೂ ಒಂದೇ ಹಾದಿಯಲ್ಲಿ ವಿಶ್ವವಿದ್ಯಾನಿಲಯಕ್ಕೆ ನುಗ್ಗಬಾರದು ಎಂದು ಅದು ಹೇಳಿತು. ಇವರ ಮಾತಿನಲ್ಲಿ ತಥ್ಯವಿತ್ತು. ಆದರೆ ಸಭೆಗಳಲ್ಲಿ ಕೇಳಿಬರುತ್ತಿದ್ದ ಅಗ್ಗದ ಉಪದೇಶ ಬೇರೆ: ‘ಹಳ್ಳಿಗೆ ಹಿಂತಿರುಗಿ, ನೇಗಿಲು ಹಿಡಿಯಿರಿ.’ ನೇಗಿಲು ಹಿಡಿದವನೇ ಸಾಲದಲ್ಲಿ ಮುಳುಗಿ ಹಳ್ಳಿ ಬಿಡುತ್ತಿದ್ದ ಕಾಲದಲ್ಲಿ ಈ ಉಪದೇಶಕ್ಕೆ ಏನು ಬೆಲೆ?

ಹಾಗಾದರೆ ಯಾವ ಬಾಗಿಲೂ ತೆರೆದಿರಲಿಲ್ಲವೆ? ತೆರೆದಿದ್ದವು. ಮೊದಲನೆಯದು ಮಂಡ್ಯ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ, ಎಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಹರಿದು ಆ ಒಣ ಸೀಮೆಗೆ ಬಂದದ್ದು ಮುಗ್ಗಟ್ಟಿನ ನಡುವೆಯೇ. ನೀರು ಬಂತು, ಆದರೆ ಏನು ಬೆಳೆದರೂ ಬೆಲೆಯಿಲ್ಲ. ಆಗ ೧೯೩೨ರಲ್ಲಿ ಭಾರತ ಸರ್ಕಾರ ಜಾವಾದಿಂದ ಬರುವ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಹಾಕಿತು. ದೇಶದಲ್ಲಿ ೧೯೩೧–೩೨ರಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಸಕ್ಕರೆ ಕಾರ್ಖಾನೆಗಳು ಐದು ವರ್ಷಗಳಲ್ಲಿ ನೂರಮೂವತ್ತನ್ನು ಮೀರಿದವು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ವ್ಯವಸಾಯ ಇಲಾಖೆಯ ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಶ್ರಮದಿಂದ, ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಕಬ್ಬಿಗೆ ಗಿರಾಕಿ ದೊರೆಯಿತು. ರೈತನ ಮಗನಿಗೆ ಕಾರ್ಖಾನೆಯಲ್ಲಿ ತೂಕದ ಗುಮಾಸ್ತೆಯಾಗಿಯೋ ಫಿಟ್ಟರನಾಗಿಯೋ ರಸಾಯನಶಾಸ್ತ್ರ ಬಲ್ಲವನಾಗಿಯೋ ಕೆಲಸ ಸಿಗುವ ಸಂಭವ ಹುಟ್ಟಿತು. ಒಂದೇ ಊರಿನಲ್ಲಿ ನೀರು, ಸುಂಕ, ಯಂತ್ರ ಮೂರೂ ಕೂಡಿದ್ದರಿಂದ ಇದಾಯಿತು. ಈ ಮೂರರಲ್ಲಿ ಒಂದೂ ಕೆಲಸ ಹುಡುಕುವ ತರುಣನ ಕೈಯಲ್ಲಿ ಇರಲಿಲ್ಲ.

ಎರಡನೆಯದು ಭದ್ರಾವತಿ. ಅಲ್ಲಿನ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಕೆಲಸ ಆರಂಭಿಸಿ, ಮಲೆನಾಡಿನ ಸೌದೆಯ ಇದ್ದಲಿನಿಂದ ಬೀಡು ಕಬ್ಬಿಣ ತೆಗೆದು ಹೊರದೇಶಕ್ಕೆ ಮಾರುತ್ತಿತ್ತು. ಹೊರಗಿನ ಪೇಟೆ ಕುಸಿದಾಗ ಇದು ಸಂಸ್ಥಾನಕ್ಕೆ ಬಿಳಿಯಾನೆಯೆಂದು ಹೇಳಿದವರು ಅನೇಕರು. ಮುಚ್ಚಿಬಿಡುವುದು ಸುಲಭವಾಗಿತ್ತು. ಹಾಗೆ ಮಾಡದೆ, ಹಸಿ ಕಬ್ಬಿಣ ಮಾರುವುದಕ್ಕಿಂತ ಅದರಿಂದಾಗುವ ಪದಾರ್ಥ ಮಾರುವುದು ಲೇಸೆಂದು ಕೊಳವೆಗಳನ್ನು ಎರಕ ಹೊಯ್ದರು. ೧೯೩೬ರಲ್ಲಿ ಉಕ್ಕಿಗೂ ೧೯೩೮ರಲ್ಲಿ ಸಿಮೆಂಟಿಗೂ ಕೈಯಿಟ್ಟರು. ಅದೇ ೧೯೩೬ರಲ್ಲಿ ಭದ್ರಾವತಿಯ ಕಾಗದದ ಕಂಪನಿಯೂ ಬೆಂಗಳೂರಿನ ವಿದ್ಯುದ್ದೀಪದ ಕಾರ್ಖಾನೆಯೂ ಹುಟ್ಟಿದವು. ಹೀಗೆ ಮುಗ್ಗಟ್ಟಿನಲ್ಲಿ ಒಂದು ಕಸುಬು ಬಾಡಿದಾಗ ಅದರ ಬುಡದಲ್ಲೇ ಇನ್ನೊಂದು ಚಿಗುರುವಂತೆ ನೋಡಿಕೊಳ್ಳಲು ಸಾಧ್ಯವೆಂಬುದಕ್ಕೆ ಭದ್ರಾವತಿ ಸಾಕ್ಷಿಯಾಯಿತು. ಆದರೆ ಈ ಜಾಗಗಳು ಬಿ.ಎ. ಆದವನಿಗಿಂತ ಇಂಜಿನಿಯರಿಂಗ್ ಶಾಲೆಗಳಲ್ಲಿ ಕೈ ಪಳಗಿಸಿದವನಿಗೆ ಹೆಚ್ಚು ದೊರೆಯುವಂಥವು. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ೧೯೧೭ರಷ್ಟು ಹಿಂದೆಯೇ ಆರಂಭವಾಗಿತ್ತು. ಅಂದು ಅದಕ್ಕೆ ಹಣ ಸುರಿದದ್ದು ದುಂದೆಂದು ತೋರಿದ್ದರೂ ಹದಿನೈದು ವರ್ಷಗಳ ಮೇಲೆ ಅದು ಫಲ ಕೊಟ್ಟಿತು.

ಮೂರನೆಯದರ ಕಥೆ ವಿಚಿತ್ರ. ೧೯೩೧ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಚಿನ್ನದ ಪ್ರಮಾಣವನ್ನು ಕೈಬಿಟ್ಟಿತು. ಔನ್ಸಿಗೆ ೮೫ ಷಿಲಿಂಗಿನಷ್ಟಿದ್ದ ಚಿನ್ನ ನಾಲ್ಕು ವರ್ಷಗಳಲ್ಲಿ ೧೪೦ ಷಿಲಿಂಗು ದಾಟಿತು. ಲೋಕದ ಗಣಿಗಳೆಲ್ಲ ಅಳುತ್ತಿದ್ದಾಗ ಕೋಲಾರದ ಚಿನ್ನದ ಗಣಿಗಳಿಗೆ ಮಾತ್ರ ಸುಗ್ಗಿ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಅಲ್ಲಿ ದುಡಿಯುತ್ತಿದ್ದರು. ಅವರಲ್ಲಿ ಬಹುಮಂದಿ ಉತ್ತರ ಆರ್ಕಾಟು ಮೊದಲಾದ ತಮಿಳು ಸೀಮೆಗಳಿಂದ ಬಂದ ಬಡವರು. ಮೇಲಿನ ಹುದ್ದೆಗಳು ಯುರೋಪಿಯನ್ನರದು. ನೆಲದ ಸಹಸ್ರಾರು ಅಡಿ ಕೆಳಗೆ ಬಂಡೆ ಸಿಡಿಸಿ, ಕಲ್ಲಿನ ಧೂಳು ಉಸಿರಾಡಿ ದುಡಿಯುವ ಆ ಕೆಲಸವನ್ನು ‘ಆಯ್ಕೆ’ ಎಂದು ಕರೆಯುವುದು ಕಷ್ಟ. ಅದೇ ಚಿನ್ನದ ಬೆಲೆಯ ಏರಿಕೆಗೆ ಇನ್ನೊಂದು ಮುಖವಿತ್ತು. ಆ ವರ್ಷಗಳಲ್ಲಿ ಭಾರತದ ಹಳ್ಳಿಗಳಿಂದ ರಾಶಿ ರಾಶಿ ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಅದು ಗಣಿಯ ಚಿನ್ನವಲ್ಲ. ಕಂದಾಯಕ್ಕೆಂದು, ಬಡ್ಡಿಗೆಂದು, ಕೆಲವೆಡೆ ಮಗನ ಓದಿಗೆಂದು ಹೆಂಗಸರು ಕೊರಳಿನಿಂದ ಬಿಚ್ಚಿಕೊಟ್ಟ ಒಡವೆ. ‘ಪುರುಷಲಕ್ಷಣ’ದ ಖರ್ಚನ್ನು ಯಾರು ಹೊತ್ತರೆಂಬುದನ್ನು ನಮ್ಮ ಗಾದೆ ಹೇಳುವುದಿಲ್ಲ.

ಇನ್ನು ಕರಾವಳಿಗೆ ಬರೋಣ. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿ ಮಹಾರಾಜರೂ ಇರಲಿಲ್ಲ, ದಿವಾನರ ಕಾರ್ಖಾನೆಗಳೂ ಇರಲಿಲ್ಲ. ೧೯೨೩ರ ದೊಡ್ಡ ನೆರೆ ಎಷ್ಟೋ ಮನೆಗಳನ್ನು ಕೊಚ್ಚಿಕೊಂಡು ಹೋಗಿತ್ತು. ಅದಾದ ಆರೇ ವರ್ಷಕ್ಕೆ ಮುಗ್ಗಟ್ಟು. ಅಲ್ಲಿನವರು ಹಿಡಿದ ಹಾದಿ ಎರಡು: ಒಂದು ಅಡುಗೆ, ಮತ್ತೊಂದು ಲೇವಾದೇವಿಯ ಲೆಕ್ಕ.

ಉಡುಪಿಯ ಸುತ್ತಿನ ಹುಡುಗರು ಮದರಾಸಿಗೂ ಮುಂಬಯಿಗೂ ಬೆಂಗಳೂರಿಗೂ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆದರು, ಹಿಟ್ಟು ರುಬ್ಬಿದರು, ಮಾಣಿಗಳಾದರು. ಕಡಂದಲೆಯ ಕೆ. ಕೃಷ್ಣರಾಯರು ಹೀಗೆ ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದು, ಮದರಾಸಿನಲ್ಲಿ ೧೯೩೮ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಪಾರಂಪಳ್ಳಿಯ ಮಯ್ಯ ಸಹೋದರರು ೧೯೨೪ರಲ್ಲಿ ತೆರೆದ ಚಿಕ್ಕ ಉಪಾಹಾರ ಗೃಹವೇ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಮುಗ್ಗಟ್ಟಿನಲ್ಲಿ ಹೋಟೆಲು ಏಕೆ ನಿಂತಿತು? ಅಕ್ಕಿ, ಬೇಳೆ, ತರಕಾರಿಗಳ ಬೆಲೆ ಇಳಿದದ್ದು ರೈತನಿಗೆ ಶಾಪವಾದರೆ ಹೋಟೆಲಿನವನಿಗೆ ಅನುಕೂಲ. ಕೆಲಸ ಅರಸಿ ಪಟ್ಟಣಕ್ಕೆ ಬಂದ ಒಂಟಿ ಗಂಡಸರೇ ಅವನ ಗಿರಾಕಿಗಳು. ಇವರ ಸಾಹಸವನ್ನು ಹೊಗಳುವಾಗ ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಬ್ರಾಹ್ಮಣನು ಬೇಯಿಸಿದ ಅನ್ನವನ್ನು ಎಲ್ಲ ಜಾತಿಯವರೂ ತಿನ್ನುತ್ತಿದ್ದರು; ಅಷ್ಟೇ ರುಚಿಯಾಗಿ ಅಡುಗೆ ಬಲ್ಲ ಹರಿಜನನೊಬ್ಬ ಅದೇ ಬೀದಿಯಲ್ಲಿ ಹೋಟೆಲು ಇಟ್ಟಿದ್ದರೆ ಗಿರಾಕಿಗಳು ಎಷ್ಟು ಮಂದಿ ಬರುತ್ತಿದ್ದರು? ಸಾಹಸ ಎಲ್ಲರಲ್ಲೂ ಇರಬಹುದು, ಅದಕ್ಕೆ ದೊರೆಯುವ ಬೆಲೆ ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ.

ಬ್ಯಾಂಕುಗಳ ಕಥೆಯೂ ಹೀಗೆಯೇ ಮುಗ್ಗಟ್ಟಿಗೆ ಮೊದಲೇ ಹೊಲಿದಿಟ್ಟ ಗೊರಬೆಯಂತೆ. ೧೯೦೬ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳೂ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಹಾಕಿದ ಅಡಿಪಾಯಗಳಿಂದ ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳಾದವು. ೧೯೨೫ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ತೆರೆದರು. ಸೊರಗಿದ್ದ ಕೈಮಗ್ಗದವರಿಗೆ ನೆರವಾಗುವುದು ಅದರ ಮೊದಲ ಉದ್ದೇಶ. ೧೯೨೮ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ಏಜೆಂಟನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಂಡು ಹೋಗುವ ಏರ್ಪಾಡು ಅದು. ಮುಗ್ಗಟ್ಟಿನ ಆಳದಲ್ಲಿ, ೧೯೩೧ರ ಅಕ್ಟೋಬರಿನಲ್ಲಿ, ಎ.ಬಿ. ಶೆಟ್ಟಿಯವರ ಮುಂದಾಳತನದಲ್ಲಿ ಬಂಟ ರೈತರ ಹಿತಕ್ಕಾಗಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಹುಟ್ಟಿತು. ಲೆಕ್ಕ ಬಲ್ಲ ಹುಡುಗನಿಗೆ ಗುಮಾಸ್ತೆಗಿರಿ, ಮಾತು ಬಲ್ಲವನಿಗೆ ಪಿಗ್ಮಿ ಏಜೆನ್ಸಿ. ಸರ್ಕಾರಿ ಚಾಕರಿಯಲ್ಲದ, ಆದರೂ ತಿಂಗಳು ತುಂಬಿದರೆ ಮರ್ಯಾದೆಯಿಂದ ನಾಲ್ಕು ಕಾಸು ತರುವ ಒಂದು ಹೊಸ ಉದ್ಯೋಗ ಕರಾವಳಿಯಲ್ಲಿ ಬೇರೂರಿತು. ಇದರಲ್ಲಿ ಅಪಾಯವಿರಲಿಲ್ಲವೆಂದಲ್ಲ. ೧೯೩೮ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಮುಳುಗಿದಾಗ ದಕ್ಷಿಣದ ಊರೂರುಗಳಲ್ಲಿ ಠೇವಣಿದಾರರು ಕಂಗಾಲಾದರು.

ಇನ್ನೆರಡು ನಿದರ್ಶನಗಳನ್ನು ಹೇಳಬಹುದು. ಕೊಡಗು, ಚಿಕ್ಕಮಗಳೂರುಗಳ ಕಾಫಿಗೆ ಹೊರಗೆ ಬೆಲೆ ಬಿದ್ದಾಗ, ದೇಶದ ಒಳಗೇ ಕಾಫಿ ಕುಡಿಸಬೇಕೆಂದು ೧೯೩೫ರಲ್ಲಿ ಕಾಫಿ ಸುಂಕದ ಸಮಿತಿ ರಚನೆಯಾಯಿತು. ಮರುವರ್ಷ ಮುಂಬಯಿಯಲ್ಲಿ ಮೊದಲನೆಯ ಇಂಡಿಯಾ ಕಾಫಿ ಹೌಸ್ ತೆರೆಯಿತು. ರುಮಾಲು ಸುತ್ತಿದ ಆ ಕಾಫಿ ಹೌಸಿನ ಮಾಣಿಯ ಕೆಲಸ ಮುಗ್ಗಟ್ಟಿನ ಕೂಸು. ಅದೇ ಕೆಲಸ ಐವತ್ತರ ದಶಕದಲ್ಲಿ ಮಂಡಲಿಯವರು ಹೌಸುಗಳನ್ನು ಮುಚ್ಚಲು ಹೊರಟಾಗ ಹೋಗುವುದರಲ್ಲಿತ್ತು. ನೌಕರರು ಎ.ಕೆ. ಗೋಪಾಲನ್ನರ ಬೆಂಬಲದಿಂದ ೧೯೫೭ರಲ್ಲಿ ಮೊದಲು ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿ, ತಾವೇ ಒಡೆಯರಾಗಿ ಅವನ್ನು ನಡೆಸಲು ಮೊದಲಿಟ್ಟರು. ಎರಡನೆಯದು ರಂಗಭೂಮಿ. ವಾಕ್ಚಿತ್ರ ಬಂದು ನಾಟಕ ಕಂಪನಿಗಳ ಗಲ್ಲಾಪೆಟ್ಟಿಗೆ ಬರಿದಾಗುತ್ತಿದ್ದಾಗ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರಂಥ ನಟರು ೧೯೩೪ರಲ್ಲಿ ‘ಸತೀ ಸುಲೋಚನಾ’ ಚಿತ್ರದಲ್ಲಿ ಬಣ್ಣ ಹಚ್ಚಿದರು. ಅವರಿಗೆ ತೆರೆಯ ಮೇಲೆ ಸ್ಥಳ ದೊರೆಯಿತು. ಕಂಪನಿಗಳಲ್ಲಿ ಪರದೆ ಎಳೆಯುತ್ತಿದ್ದವರಿಗೆ, ಹಾರ್ಮೋನಿಯಂ ನುಡಿಸುತ್ತಿದ್ದವರಿಗೆ, ಸ್ತ್ರೀಪಾತ್ರದ ಗಂಡಸರಿಗೆ ಅಷ್ಟು ಸುಲಭವಾಗಿ ದೊರೆಯುವಂತಿರಲಿಲ್ಲ.

ಕೊನೆಗೆ ಈ ಮುಗ್ಗಟ್ಟು ತೀರಿದ್ದು ಯಾವ ಸಮಿತಿಯ ವರದಿಯಿಂದಲೂ ಅಲ್ಲ, ಮಹಾಯುದ್ಧದಿಂದ. ೧೯೪೦ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರೂ ಮೈಸೂರು ಸರ್ಕಾರವೂ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು. ಸೈನ್ಯಕ್ಕೂ ಸರಬರಾಜು ಇಲಾಖೆಗೂ ಗುಮಾಸ್ತೆಗಳು, ಟೈಪಿಸ್ಟರು, ಕಮ್ಮಾರರು ಎಲ್ಲರೂ ಬೇಕಾದರು. ಯುದ್ಧ ಮುಗಿದು ಅವರೆಲ್ಲ ಒಮ್ಮೆಗೇ ಹಿಂತಿರುಗಿದರೆ ಗತಿಯೇನೆಂಬ ಭಯದಿಂದ ೧೯೪೫ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಹುಟ್ಟಿದವು. ೧೯೪೮ರಲ್ಲಿ ಅವು ಎಲ್ಲರಿಗೂ ತೆರೆದವು. ಕೆಲಸವಿಲ್ಲದಿರುವುದು ಒಬ್ಬನ ಹಣೆಬರಹ ಮಾತ್ರವಲ್ಲ, ಸರ್ಕಾರ ಗಣನೆಗೆ ತೆಗೆದುಕೊಳ್ಳಬೇಕಾದ ಸಂಗತಿ ಎಂದು ಒಪ್ಪಲು ನಮ್ಮ ದೇಶಕ್ಕೆ ಅಷ್ಟು ಕಾಲ ಹಿಡಿಯಿತು.

ಈ ಇತಿಹಾಸದಿಂದ ತಿಳಿಯಬೇಕಾದದ್ದೇನು? ಮುಗ್ಗಟ್ಟಿನಲ್ಲಿ ಗೆದ್ದವರ ಕಥೆಯನ್ನು ನಾವು ಸಾಮಾನ್ಯವಾಗಿ ಅವರ ಎದೆಗಾರಿಕೆಯ ಕಥೆಯಾಗಿ ಹೇಳುತ್ತೇವೆ. ಎದೆಗಾರಿಕೆ ಇತ್ತು, ನಿಜ. ಆದರೆ ಮಂಡ್ಯದ ನಾಲೆಯನ್ನು ಮುಗ್ಗಟ್ಟಿಗೆ ಬಹಳ ಮೊದಲೇ ಯೋಚಿಸಿದ್ದರು. ಇಂಜಿನಿಯರಿಂಗ್ ಕಾಲೇಜು ೧೯೧೭ರದು. ಉಡುಪಿಯ ಬ್ಯಾಂಕು ೧೯೨೫ರದು. ಬರ ಬಂದ ಮೇಲೆ ಬಾವಿ ತೋಡಿದವರಲ್ಲ ಇವರು. ಎಲ್ಲಿ ಹಿಂದಿನವರು ಇಂಥದೊಂದು ಬಾವಿ ತೋಡಿದ್ದರೋ ಅಲ್ಲಿ ಮುಂದಿನವರ ಸಾಹಸಕ್ಕೆ ನೀರು ದೊರೆಯಿತು. ಎಲ್ಲಿ ತೋಡಿರಲಿಲ್ಲವೋ ಅಲ್ಲಿ ಅಷ್ಟೇ ಚುರುಕಾದ, ಅಷ್ಟೇ ಕಷ್ಟಸಹಿಷ್ಣುವಾದ ತರುಣರು ಉಮೇದುವಾರರಾಗಿಯೇ ಮುದುಕರಾದರು. ಅವರ ಹೆಸರು ಯಾವ ಸಂಸ್ಥೆಯ ಗೋಡೆಯ ಮೇಲೂ ಇಲ್ಲ.

ಶಾಶ್ವತವೆಂದು ನಂಬಿದ ಆಸರೆಗಳೂ ಶಾಶ್ವತವಾಗಿ ಉಳಿಯಲಿಲ್ಲ. ಮೂವತ್ತರ ದಶಕದಲ್ಲಿ ಮೆರೆದ ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದವು. ಕರಾವಳಿಯ ವಿಜಯಾ ಬ್ಯಾಂಕ್ ೨೦೧೯ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ೨೦೨೦ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ೨೦೦೮ರಲ್ಲಿ ನ್ಯೂಯಾರ್ಕಿನ ಪೇಟೆ ಮತ್ತೆ ಕುಸಿದಾಗ ಅದರ ಪೆಟ್ಟು ಬೆಂಗಳೂರಿನ ಗಣಕಯಂತ್ರದ ಕಚೇರಿಗಳಿಗೂ ತಗುಲಿತು. ೨೦೨೦ರ ಸಾಂಕ್ರಾಮಿಕದಲ್ಲಿ ಕೂಲಿಕಾರರು ಗಂಟು ಹೊತ್ತು ಊರಿನ ದಾರಿ ಹಿಡಿದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು. ಪ್ರತಿಯೊಂದು ಸಲವೂ ತರುಣರಿಗೆ ‘ಧೈರ್ಯವಾಗಿರಿ, ಹೊಸ ಕಸುಬು ಕಲಿಯಿರಿ’ ಎಂದು ಹೇಳಿದೆವು. ಹೇಳಬೇಕಾದ್ದೇ. ಆದರೆ ಮನೆಯಲ್ಲಿ ಕೆಲಸವಿಲ್ಲದೆ ಕುಳಿತ ಮಗನನ್ನೋ ಮಗಳನ್ನೋ ಕಂಡು ‘ನಿನ್ನ ಕೈಲಾಗದು’ ಎನ್ನುವ ಮೊದಲು, ಒಳ್ಳೆಯ ಕಾಲದಲ್ಲಿ ನಾವು ಅವರಿಗಾಗಿ ಯಾವ ನಾಲೆ ತೋಡಿದ್ದೆವು, ಯಾವ ಶಾಲೆ ಕಟ್ಟಿದ್ದೆವು ಎಂದು ಒಂದು ಗಳಿಗೆ ಕೇಳಿಕೊಳ್ಳುವುದು ಹಿರಿಯರಾದ ನಮಗೆ ಶೋಭಿಸುತ್ತದೆ.